ಎದೆ ಮುಟ್ಟಿಕೊಂಡು ಉಂಡ ತುತ್ತು

ಬಂಕಾಪುರದ ಕೋಟೆ ಕಂದಕದ ದಂಡೆಯಲ್ಲಿ ಹಂಚಿನ ಮಾಡಿನ ಹಳೇ ಬಂಗಲೆಯೊಂದಿತ್ತು. ಅದರ ಕಟ್ಟೆಯ ಮೇಲೆ ದಿನಾ ಮುಂಜಾನೆ ಬಿಳಿ ಸೀರೆಯ ಹೆಂಗಸೊಬ್ಬಳು ಬಂದು ನಿಲ್ಲುತ್ತಿದ್ದಳು. ಕಣ್ಣು ದಾರಿಯ ಮೇಲೆ. ಮನೆಗೆಲಸದ ತಿಪ್ಪವ್ವ ಹುಣಸೆಮರ ದಾಟಿ ಕಾಣಿಸಿಕೊಂಡಳೋ ಇಲ್ಲವೋ, ಅಲ್ಲಿಂದಲೇ ಕೇಳುತ್ತಿದ್ದಳು.

“ಬಂದಿ?”

“ಬಂದೇನ್ರಿ ಬಾಯಿಸಾಬ್ರ.”

ಅಷ್ಟೇ ಮಾತು. ಹಿಡಿದಿಟ್ಟುಕೊಂಡಿದ್ದ ಉಸಿರು ಬಿಟ್ಟು ಆಕೆ ಒಳಗೆ ಹೋಗುತ್ತಿದ್ದಳು. ಆಳು ಎಲ್ಲಿ ತಡಮಾಡ್ಯಾಳೋ ಅನ್ನುವ ದೊಡ್ಡವರ ಮನೆಯ ಗಡಿಬಿಡಿ ಇದು ಅಂತ ತಿಪ್ಪವ್ವ ಬಹಳ ವರ್ಷ ತಿಳಿದುಕೊಂಡಿದ್ದಳು.

ಬಾಯಿಸಾಹೇಬ ಬಂಕಾಪುರಕ್ಕೆ ಬಂದದ್ದು ಮೂವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ, ಪರದೆ ಇಳಿಬಿಟ್ಟ ಟಾಂಗಾದಲ್ಲಿ, ಹಿಂದೆ ಮುಂದೆ ಪೊಲೀಸರು. ಉತ್ತರದ ಕಡೆಯ ಯಾವುದೋ ಸಣ್ಣ ಸಂಸ್ಥಾನದ ಅರಮನೆಯ ಸೊಸೆ. ಆ ಸಂಸ್ಥಾನದ ಹೆಸರು ನಮ್ಮವರ ನಾಲಗೆಯ ಮೇಲೆ ಹೊರಳಲಿಲ್ಲ, ಹೊರಳಿಸುವ ಗರಜು ಯಾರಿಗೂ ಇರಲಿಲ್ಲ. ಆದರೆ ಆಕೆಯ ಮೇಲಿನ ಆರೋಪ ಮಾತ್ರ ಟಾಂಗಾದ ಕುದುರೆಯ ಬೆವರು ಆರುವ ಮೊದಲೇ ಸಂತೆಯ ತುಂಬ ಹಬ್ಬಿತು. ಮೈದುನನ ಮಗ, ಮುಂದೆ ಗಾದಿಯ ಮೇಲೆ ಕೂಡಬೇಕಾದ ಸಣ್ಣ ಹುಡುಗ, ಈಕೆ ಕೈಯಾರೆ ಮಾಡಿ ಉಣಿಸಿದ ಖೀರು ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ವಿಷ ಹಾಕಿದಳು ಅಂದರು ಅರಮನೆಯವರು. ವಿಚಾರಣೆ ಆಗಲಿಲ್ಲ, ಸಾಕ್ಷಿಯನ್ನು ಯಾರೂ ಕೇಳಲಿಲ್ಲ. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸಿನ ಮೇಲೆ ಬಂದ ಮಾತಿಗೆ ಸಾಕ್ಷಿ ಯಾತಕ್ಕೆ?

ತಪ್ಪು ಮಾಡಿದ್ದಾಳೆ ಅನ್ನುವ ಧೈರ್ಯ ಸರಕಾರಕ್ಕಿರಲಿಲ್ಲ, ಮಾಡಿಲ್ಲ ಅನ್ನುವ ಮಾನವೂ ಇರಲಿಲ್ಲ. ಇಂಥವರನ್ನು ಮಾತು ಬಾರದ ದೂರದ ಊರಿಗೆ ತಂದು ಒಗೆಯುವುದು ಸರಕಾರಗಳ ಹಳೇ ಚಟ. ಬಂಕಾಪುರದ ಶಿವಾರ ದಾಟಬಾರದು. ದಾಟಬೇಕೆಂದರೆ ಶಿಗ್ಗಾವಿಯಿಂದ ಅಪ್ಪಣೆ ಬರಬೇಕು. ಬಾಗಿಲಿಗೆ ಲಕ್ಕಪ್ಪ ಅನ್ನುವ ಒಬ್ಬ ಪೊಲೀಸ. ಅವನು ಬೀಡಿಯ ಹೊಗೆಯ ಜೊತೆ ಈ ಕತೆಯನ್ನೂ ಹೋದವರ ಬಂದವರ ಮುಖಕ್ಕೆ ಊದುತ್ತಿದ್ದ.

ತಿಪ್ಪವ್ವ ಹಿರೇಬೆಂಡಿಗೇರಿಯವಳು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿ ನಿಲ್ಲಲಾರದೆ ಸಣ್ಣ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂಕಾಪುರಕ್ಕೆ ಬಂದಿದ್ದಳು. ಬಂಗಲೆಯಲ್ಲಿ ಆಳು ಬೇಕಂತೆ ಅಂತ ಕೇಳಿ ಹೋದಾಗ ಲಕ್ಕಪ್ಪ ಹೇಳಿದ:

“ಕಸ, ನೀರು, ಮುಸುರಿ. ಮತ್ತ ಬಾಯಿಸಾಹೇಬ ಏನ ಮಾಡಿದ್ರೂ ಮೊದಲ ನೀ ಉಣಬೇಕು.”

“ಮೊದಲ ನಾ? ಯಾಕ್ರಿ?”

“ವಿಷ ಹಾಕಿದಾಕಿಗೇ ಈಗ ವಿಷದ ಹೆದರಿಕಿ. ನೀ ಉಂಡು ಸತ್ತರ ಅಕಿ ಉಣ್ಣೂದಿಲ್ಲ. ತಿಳೀತಿಲ್ಲೋ?”

ತಿಪ್ಪವ್ವ ಸೊಂಟದ ಕೂಸನ್ನು ನೋಡಿದಳು. “ಹಸಕೊಂಡಂತೂ ಸಾಯೂದಿಲ್ಲ ಬಿಡ್ರಿ ಹಂಗಾರ,” ಅಂದು ಕಸಬರಿಗೆ ಹಿಡಿದಳು.

ಒಂದು ಮಾತು ಅವಳಿಗೆ ಆಗಲೇ ಹೊಳೆಯಬೇಕಿತ್ತು. ಒಲೆ ಹಚ್ಚುತ್ತಿದ್ದವಳು ಬಾಯಿಸಾಹೇಬ. ನೀರು ಸೋಸುತ್ತಿದ್ದವಳು, ಅಕ್ಕಿ ತೊಳೆಯುತ್ತಿದ್ದವಳು, ಹಾಲು ಕಾಸುತ್ತಿದ್ದವಳು ಎಲ್ಲಾ ಆಕೆಯೇ. ತನ್ನ ಅಡಿಗೆಯ ಹತ್ತಿರ ಇನ್ನೊಬ್ಬರ ನೆರಳು ಬೀಳಗೊಡದವಳು ಇನ್ಯಾರ ವಿಷಕ್ಕೆ ಹೆದರಬೇಕು? ಆದರೆ ದೊಡ್ಡವರ ಹೆದರಿಕೆಗೆ ಕಾರಣ ಕೇಳುವುದು ಬಡವರಿಗೆ ರೂಢಿಯಿಲ್ಲ.

ದಿನಾ ಮಧ್ಯಾಹ್ನ ರೊಟ್ಟಿ ಪಲ್ಯ ಏನಿದ್ದರೂ ಸರಿ, ಒಂದು ಬಟ್ಟಲು ಖೀರು ಆಗಲೇಬೇಕು. ಹಾನಗಲ್ಲಿನ ಅಕ್ಕಿ, ಓಣಿಯ ರಮಜಾನಬಿಯ ಎಮ್ಮೆ ಹಾಲು, ನಾಕು ಯಾಲಕ್ಕಿ. ಯುದ್ಧದ ಕಾಲದಲ್ಲಿ ಸಕ್ಕರೆ ಸಿಗದಾದಾಗ ಬೆಲ್ಲ ಬಿತ್ತು, ಖೀರು ನಿಲ್ಲಲಿಲ್ಲ. ಬಾಯಿಸಾಹೇಬ ಬಟ್ಟಲು ತಂದು ತಿಪ್ಪವ್ವನ ಮುಂದಿಟ್ಟು ಎದುರಿಗೆ ಕೂಡುತ್ತಿದ್ದಳು, ಪರೀಕ್ಷೆಗೆ ಕುಂತವರ ಹಾಗೆ ಕೈಬೆರಳು ಹೆಣೆದುಕೊಂಡು.

ತಿಪ್ಪವ್ವ ಲಿಂಗ ಕಟ್ಟಿದವಳು. ಸೆರಗಿನೊಳಗೆ ಎದೆಯ ಮೇಲೆ ಲಿಂಗದ ಕರಡಿಗೆ. ಲಿಂಗಕ್ಕೆ ತೋರಿಸದ ತುತ್ತು ಅವರ ಮನೆಯಲ್ಲಿ ಬಾಯಿಗೆ ಹೋಗುವುದಿಲ್ಲ, ಗಂಜಿಯಾದರೂ ಅಷ್ಟೇ, ಹೋಳಿಗೆಯಾದರೂ ಅಷ್ಟೇ. ಎಡಗೈಯಿಂದ ಕರಡಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಶಿವನ ಹೆಸರು ಹೇಳಿ, ಆಮೇಲೆ ಚಮಚೆ ಬಾಯಿಗೆ. ಅವಳು ನುಂಗುವವರೆಗೆ ಬಾಯಿಸಾಹೇಬಳ ಕಣ್ಣು ಅವಳ ಗಂಟಲ ಮೇಲೆ. ಆಮೇಲೆ ಅದೇ ಬಟ್ಟಲಿನಿಂದ, ಆಳಿನ ಎಂಜಲನ್ನು, ಅರಮನೆಯ ಸೊಸೆ ಉಣ್ಣುತ್ತಿದ್ದಳು.

ಈ ಸುದ್ದಿ ಹಿರೇಬೆಂಡಿಗೇರಿಗೂ ಹೋಯಿತು. ಮೈದುನ ಕರಬಸಪ್ಪ ಸಂತೆಗೆ ಬಂದವನು ದಾರಿಯಲ್ಲಿ ನಿಲ್ಲಿಸಿ ಅಂದ, “ಭವಿ, ಲಿಂಗ ಇಲ್ಲದಾಕಿ ಮಾಡಿದ್ದು ಉಣ್ಣೂದಲ್ಲದ ಅದನ್ನ ಲಿಂಗಕ್ಕ ಬ್ಯಾರೆ ತೋರಸ್ತಿಯಂತ? ನಾಚಿಕಿ ಬರೂದಿಲ್ಲ?”

“ನೀ ಹೊಟ್ಟಿಗೆ ಹಾಕಿದ್ರ ನಿನ್ನ ಮನೀದನ್ನ ತೋರಸ್ತಿದ್ನೆಪ್ಪಾ,” ಅಂದಳು ತಿಪ್ಪವ್ವ. ಅವನು ಮತ್ತೆ ಆ ದಾರಿ ಹಿಡಿಯಲಿಲ್ಲ.

ವರ್ಷಗಳು ಹೋದವು. ಬಾಯಿಸಾಹೇಬ ತಿಪ್ಪವ್ವನ ಬಾಯಿಂದಲೇ ನಮ್ಮ ಮಾತು ಕಲಿತಳು. ಸವಣೂರಿನ ಎಲೆಯಡಿಕೆಯ ರುಚಿ ಕಲಿತಳು. ಕಲಿಯಲಾರದೆ ಉಳಿದದ್ದು ನವಿಲಿನ ಕೂಗು. ಸಂಜೆಗೆ ಕೋಟೆಯೊಳಗಿಂದ ನವಿಲು ಕೂಗಿದರೆ ಕೈಯಲ್ಲಿದ್ದದ್ದು ಜಾರುತ್ತಿತ್ತು. “ಅಂವ, ಆ ಹುಡುಗ, ನನ್ನ ಹಿಂಗ ಕರೀತಿದ್ದ, ಉದ್ದಕ,” ಅಂದಿದ್ದಳು ಒಮ್ಮೆ. ಅಡಿಗೆಮನೆಯ ಗೋಡೆಯ ಮಾಡದಲ್ಲಿ ಒಂದು ಸಣ್ಣ ಹಿತ್ತಾಳೆ ಬಟ್ಟಲು ಯಾವಾಗಲೂ ಬೋರಲು ಇರುತ್ತಿತ್ತು. ಅದನ್ನು ಬೆಳಗುವ ಕೆಲಸ ತಿಪ್ಪವ್ವನದಾಗಿರಲಿಲ್ಲ. ಮುಟ್ಟಲು ಹೋದರೆ, “ಅದು ಇರಲಿ,” ಅನ್ನುತ್ತಿದ್ದಳು. ಯಾರ ಬಟ್ಟಲು ಅಂತ ಕೇಳುವ ಅಗತ್ಯವಿರಲಿಲ್ಲ.

ಊರಿನ ದೊಡ್ಡವರೂ ಬರುತ್ತಿದ್ದರು, ಬರದೆ ಏನು! ಮೆಣಸಿನಕಾಯಿ ವ್ಯಾಪಾರದ ಹೊಳಬಸಪ್ಪ ಸಾವ್ಕಾರರು ಅವರೆಲ್ಲರ ಮುಂದಾಳು. ಹೊರಗಿನ ಬೀಗರು ಬಂದರೆ ಸಾಕು, ಅವರನ್ನು ಕರಕೊಂಡು ರಾಣಿಸಾಹೇಬರ ದರ್ಶನಕ್ಕೆ ಬರುವರು, ಪ್ರದರ್ಶನದ ಹುಲಿ ತೋರಿಸುವ ಹಾಗೆ. ಬಾಗಿ ಬಾಗಿ ನಮಸ್ಕಾರ. ಬಟ್ಟಲು ಎದುರಿಗೆ ಬಂತೋ, ಸಾವ್ಕಾರರಿಗೆ ಸೋಮವಾರದ ಒಪ್ಪತ್ತು. ಮಂಗಳವಾರ ಬಂದರೆ ಹಲ್ಲುನೋವು. ಏನೂ ಮುಟ್ಟದೆ ಹೋದವರು ಬಾವಿಯ ಹತ್ತಿರ ಮಾತ್ರ ಮರೆಯದೆ ಕೈ ತೊಳೆದು ಹೋಗುತ್ತಿದ್ದರು. ಉಣ್ಣದ ಕೈಗೆ ಏನು ಅಂಟಿತ್ತು, ಅವರನ್ನೇ ಕೇಳಬೇಕು.

ಬಾಯಿಸಾಹೇಬ ತಿರುಗಿ ಬಂದ ಬಟ್ಟಲುಗಳನ್ನು ನೋಡುತ್ತಿದ್ದಳು.

ನಲವತ್ತೇಳರ ಆಗಸ್ಟು ಬಂತು. ಶಾಲೆಯ ಬಯಲಿನಲ್ಲಿ ಬಾವುಟ ಏರಿಸುವುದಿತ್ತು. ಅವತ್ತು ನಸುಕಿನಿಂದಲೇ ಬಾಯಿಸಾಹೇಬ ಮೂರು ಒಲೆ ಹಚ್ಚಿದಳು. ದೊಡ್ಡ ಪಾತೇಲಿಯ ತುಂಬ ಖೀರು. ತಿಪ್ಪವ್ವ ಲಿಂಗಕ್ಕೆ ತೋರಿಸಿ ಮೊದಲ ಚಮಚೆ ಉಂಡಳು. ಇಬ್ಬರು ಹಮಾಲರು ಪಾತೇಲಿ ಹೊತ್ತು ಒಯ್ದರು. ಹೊಳಬಸಪ್ಪ ಸಾವ್ಕಾರರು ಬಾವುಟದ ಕೆಳಗೆ ನಿಂತು, “ರಾಣಿಸಾಹೇಬರ ಕೈ ಪ್ರಸಾದ, ಬಂಕಾಪುರದ ಭಾಗ್ಯ,” ಅಂತ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು.

ಸಂಜೆ ಪಾತೇಲಿ ತರಲು ಹೋದ ತಿಪ್ಪವ್ವನಿಗೆ ಅದು ಕಂದಕದ ದಂಡೆಯಲ್ಲಿ ಸಿಕ್ಕಿತು, ಮಗುಚಿ ಬಿದ್ದಿತ್ತು. ಕಲ್ಲುಗಳ ಮೇಲೆಲ್ಲ ಬೆಳ್ಳಗೆ ಅಕ್ಕಿ. ನಾಕು ನವಿಲು, ಲೆಕ್ಕವಿಲ್ಲದ ಕಾಗೆ ಕೂಡಿ ಹೆಕ್ಕುತ್ತಿದ್ದವು.

ಹಾಲಿನ ಗಡಿಗೆ ಹೊತ್ತು ಬರುತ್ತಿದ್ದ ರಮಜಾನಬಿ ನಿಂತು ನೋಡಿದಳು. “ನವಿಲು ಗಟ್ಟಿ ಅದಾವ ನೋಡ ತಿಪ್ಪವ್ವಕ್ಕಾ. ಸಾವ್ಕಾರಮಂದಿ ಹೊಟ್ಟಿ ಇವಕಿಂತಾ ನಾಜೂಕ ಏನು?”

ತಿಪ್ಪವ್ವನಿಗೆ ಕಾಲಿನಿಂದ ತಲೆಯವರೆಗೆ ಉರಿ ಹತ್ತಿತು. ಖಾಲಿ ಪಾತೇಲಿ ಸೊಂಟಕ್ಕಿಟ್ಟುಕೊಂಡು ಸೀದಾ ಸಾವ್ಕಾರರ ಅಂಗಡಿಯ ಮುಂದೆ ಹೋಗಿ ನಿಂತಳು. ಅಲ್ಲಿ ಮಂದಿ ಇತ್ತು. ಇರಲಿ ಅಂತಲೇ ದನಿ ಏರಿಸಿದಳು.

“ಖೀರು ರುಚಿ ಆಗಿತ್ತೇನ್ರಿ ಸಾವ್ಕಾರ್ರ? ಸಕ್ಕರಿ ಕಡಿಮಿ ಆಗಿತ್ತೇನ?”

“ಏ, ಒದರಬ್ಯಾಡ ತಿಪ್ಪವ್ವಾ. ಒಳಗ ಬಾ.”

“ಒಳಗ ಯಾಕ್ರಿ? ಇಷ್ಟು ವರ್ಷ ನಾ ಉಂಡೇನಿ, ಸತ್ತೇನೇನು? ನಂದು ಜೀವ ಅಲ್ಲೇನು?”

ಹೊಳಬಸಪ್ಪ ಸಾವ್ಕಾರರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ನಿನ್ನ ಮಾತು ಬ್ಯಾರೆ ಬಿಡವ್ವಾ. ಶಾಲಿ ಬಯಲಾಗ ಸಣ್ಣ ಮಕ್ಕಳಿದ್ದುವು. ಸಣ್ಣ ಮಕ್ಕಳ ಮಾತು. ನಿನಗ ತಿಳೀಬೇಕು, ನೀನೂ ಮೊಮ್ಮಗನ್ನ ಕಂಡಾಕಿ.”

ತಿಪ್ಪವ್ವ ಥೂ ಅಂತ ಉಗುಳಿ ತಿರುಗಿದಳು. ಊರು ತುಂಬ ಅವತ್ತು ಅವಳದೇ ಮಾತು. ಅಷ್ಟು ಚಲೋ ಸಿಟ್ಟು ಅವಳ ಜೀವಮಾನದಲ್ಲಿ ಬಂದಿರಲಿಲ್ಲ.

ಬಂಗಲೆಗೆ ಬಂದರೆ ಕಟ್ಟೆಯ ಮೇಲೆ ಬಾಯಿಸಾಹೇಬ ನಿಂತಿದ್ದಳು. “ಉಂಡ್ರ? ಎಲ್ಲಾರೂ?”

ತಿಪ್ಪವ್ವ ಪಾತೇಲಿಯನ್ನು ತೋರಿಸಿದಳು. “ಬಳಕೊಂಡು ಉಂಡರ್ರಿ. ತಳ ನೋಡ್ರಿ, ತೊಳದಂಗ ಐತಿ.”

“ಮಕ್ಕಳು?”

“ಮಕ್ಕಳೂ.”

ಬಾಯಿಸಾಹೇಬ ಕಟ್ಟೆಯ ಮೇಲೆ ಕುಂತುಬಿಟ್ಟಳು. ಅಳು ಅಂತ ಹೇಳಲಾಗದು, ನಗು ಅಂತಲೂ ಹೇಳಲಾಗದು. ಬಿಳಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಸುಳ್ಳಿನಿಂದ ಬಾಯಿಸಾಹೇಬಳ ಆಸೆಗೆ ರೆಕ್ಕೆ ಬಂತು. ತಿಪ್ಪವ್ವನ ಮಗಳು ಸರೋಜವ್ವ, ಹಿರೇಕೆರೂರಿನ ಕಡೆಗೆ ಕೊಟ್ಟವಳು, ಆಗ ತವರಿಗೆ ಬಂದಿದ್ದಳು. ತೊಡೆಯ ಮೇಲೆ ಉಳವ್ಯಾ, ಇನ್ನೂ ತಾಯಿಹಾಲು ಬಿಟ್ಟು ಬೇರೇನೂ ಕಾಣದ ಕೂಸು. ಕೆಲವು ದಿನಗಳ ಮೇಲೆ ಬಾಯಿಸಾಹೇಬ ಕೇಳಿದಳು:

“ತಿಪ್ಪಾ, ನಿನ್ನ ಮೊಮ್ಮಗಗ ಮೊದಲನೇ ತುತ್ತು ನಾ ಉಣಸ್ಲೇನು?”

ತಿಪ್ಪವ್ವ ಕಸಬರಿಗೆ ಕೆಳಗಿಟ್ಟಳು.

“ನಿನ್ನ ಯಾಕ ಮೊದಲ ಉಣಸ್ತೇನಿ, ಗೊತ್ತೇನು?” ಬಾಯಿಸಾಹೇಬ ತನ್ನ ಎರಡೂ ಅಂಗೈ ಮುಂದೆ ಚಾಚಿದಳು. “ನನಗ ಯಾರೂ ವಿಷ ಹಾಕೂದಿಲ್ಲ. ನಾ ಇವಕ್ಕ ಹೆದರ್ತೇನಿ. ಅಕ್ಕಿ, ಹಾಲು, ಸಕ್ಕರಿ, ಅವತ್ತ ಇಷ್ಟ ಹಾಕಿದ್ನಿ. ಮುಂಜಾನೆ ಅಂವ ಏಳಲಿಲ್ಲ. ಹಾಲು ಕೆಟ್ಟಿತ್ತೋ, ವೈದ್ಯ ಕೊಟ್ಟ ಪುಡಿ ಕೆಟ್ಟಿತ್ತೋ, ನನ್ನ ಕೈಯೇ ಕೆಟ್ಟದ್ದೋ. ಎಲ್ಲಾರೂ ಅಂದು ಅಂದು ನನಗೂ ತಿಳೀದಂಗಾತು. ನೀ ಉಂಡು ಹೋದ ಮರುದಿನ ಮುಂಜಾನೆ ನೀ ಬರೂತನಕ ನಾ ಕಟ್ಟಿ ಬಿಟ್ಟು ಅಲಗೂದಿಲ್ಲ. ಊರ ಮಕ್ಕಳು ಉಂಡುವು. ಇನ್ನ ಒಂದ ಕೂಸು ನನ್ನ ಕಣ್ಣ ಮುಂದ ಉಣಬೇಕು. ಆಮ್ಯಾಲೆ ಸಾಕು.”

ಇಷ್ಟು ವರ್ಷ ಮುಂಜಾನೆ ಮುಂಜಾನೆ ಕೇಳಿದ “ಬಂದಿ?” ಅನ್ನುವುದರೊಳಗೆ ಏನಿತ್ತು ಅನ್ನುವುದು ತಿಪ್ಪವ್ವನಿಗೆ ಆಗ ತಿಳಿಯಿತು. “ಕರಕೊಂಡ ಬರ್ತೇನ್ರಿ,” ಅಂದಳು. ಮನಸ್ಸು ತುಂಬಿ ಅಂದಳು, ಬಾಯಿಮಾತಿಗೆ ಅಂದದ್ದಲ್ಲ.

ಸೋಮವಾರ ಕೂಸಿಗೆ ಎರೆದು, ಕಣ್ಣಿಗೆ ಕಾಡಿಗೆ ಹಚ್ಚಿ, ಕುಂಚಿಗೆ ಹಾಕಿ ಎತ್ತಿಕೊಂಡು ಹೋದಳು. ಮಾಡದ ಸಣ್ಣ ಹಿತ್ತಾಳೆ ಬಟ್ಟಲು ಕೆಳಗಿಳಿದಿತ್ತು. ಬೆಳಗಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಬೆರಳಿನಿಂದ ಹಿಸುಕಿ ಮೆತ್ತಗೆ ಮಾಡಿದ ಖೀರು. ಬಾಯಿಸಾಹೇಬ ಅವತ್ತು ಅಂಚಿದ್ದ ಸೀರೆ ಉಟ್ಟಿದ್ದಳು.

ರೂಢಿಯಂತೆ ಮೊದಲ ಚಮಚೆ ತಿಪ್ಪವ್ವನಿಗೆ. ಎಡಗೈಯಿಂದ ಕರಡಿಗೆ ಒತ್ತಿದಳು, ಕಣ್ಣು ಮುಚ್ಚಿದಳು, ಉಂಡಳು. ರುಚಿಯಾಗಿತ್ತು. ಬಾಯಿಸಾಹೇಬ ಇನ್ನೊಂದು ಚಮಚೆ ತುದಿಯಲ್ಲಿ ಚೂರೇ ಚೂರು ತುಂಬಿ, ತುಟಿಯಿಂದ ಊದಿ ಆರಿಸಿ, ಕೂಸಿನ ಹತ್ತಿರ ತಂದಳು. ಉಳವ್ಯಾ ಹೊಳೆಯುವುದನ್ನು ಕಂಡು ಬಾಯಿ ತೆರೆದ.

ತಿಪ್ಪವ್ವನ ಕೈ ಹೋಗಿ ಕೂಸಿನ ಬಾಯಿ ಮುಚ್ಚಿತು.

ಅವಳು ಹಾಗೆ ಮಾಡಬೇಕೆಂದುಕೊಂಡಿರಲಿಲ್ಲ. ಖರೇನೇ ಅಂದುಕೊಂಡಿರಲಿಲ್ಲ. ಸಾವ್ಕಾರರ ಅಂಗಡಿಯ ಮುಂದೆ ಒದರಿದ ಹೆಂಗಸಿನದೇ ಆ ಕೈ. ತನ್ನ ಜೀವ ಒತ್ತೆಯಿಟ್ಟು ಸಾವಿರ ಸಲ ಉಂಡವಳು, ಒಂದು ಸಲ ಮೊಮ್ಮಗನ ಬಾಯಿ ಬಿಡಗೊಡಲಿಲ್ಲ. ಕಂದಕಕ್ಕೆ ಖೀರು ಚೆಲ್ಲಿದವರನ್ನು ಬೈಯುತ್ತ ಇಲ್ಲಿಯವರೆಗೆ ಬಂದ ನಾವು ಈ ಕೈಯನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಕೈಗಿಂತ ಅದು ಬೇರೆ ಇತ್ತೇ? ಸುಳ್ಳು ಮಾತು ಊರಿನಲ್ಲಿ ಹಬ್ಬುವುದು ನಂಬುವವರಿಂದಷ್ಟೇ ಅಲ್ಲ. ನಂಬದವರ ಮೈಯೊಳಗೂ ಅದು ತನಗಿಷ್ಟು ಜಾಗ ಮಾಡಿಕೊಂಡಿರುತ್ತದೆ.

“ಹೊಟ್ಟಿ ಸರಿ ಇಲ್ರಿ ಅದಕ್ಕ,” ಅಂದಳು ತಿಪ್ಪವ್ವ. ಕೈ ಇನ್ನೂ ಅಲ್ಲೇ ಇತ್ತು. “ನಿನ್ನೆಯಿಂದ.”

ಬಾಯಿಸಾಹೇಬ ಚಮಚೆ ಹಿಂದೆ ತೆಗೆದುಕೊಂಡಳು. ಅದನ್ನು ತಾನೇ ಉಂಡಳು. ಬಟ್ಟಲು ಖಾಲಿಯಾಗುವವರೆಗೆ ಉಂಡಳು, ಗಡಿಬಿಡಿಯಿಲ್ಲದೆ. ಆಮೇಲೆ ಅಂದಳು:

“ನಿನ್ನ ತಪ್ಪಲ್ಲ ತಿಪ್ಪಾ. ದಿನಾ ನೀ ಎದಿ ಮುಟ್ಟಿಕೊಂಡು, ದೇವರ ಹೆಸರ ಹೇಳಿ ಉಣ್ತಿದ್ದಿ. ನಾ ನೋಡ್ತಿದ್ನಲ್ಲ. ಅಷ್ಟು ಹೆದರಿಕೊಂಡರೂ ಉಂಡಿ. ಅಷ್ಟು ನನಗ ಯಾರೂ ಮಾಡಿಲ್ಲ.”

ಅದು ಹೆದರಿಕೆ ಅಲ್ರಿ, ಬಾಯಿಸಾಬ್ರ. ನಮ್ಮ ಪದ್ಧತಿ ಅದು. ನನ್ನ ಮನಿ ಗಂಜಿಗೂ ಹಿಂಗ ಮಾಡ್ತೇನಿ. ನಿಮ್ಮ ಕೈ ಅಡಿಗಿಗೆ ನಾ ಒಂದು ದಿನಾನೂ ಹೆದರಿಲ್ಲ. ಇಷ್ಟೂ ಖರೆ ಮಾತು ತಿಪ್ಪವ್ವನ ನಾಲಗೆಯ ತುದಿಗೆ ಬಂದು ನಿಂತಿತು. ಎಷ್ಟೋ ವರ್ಷದ ಹಿಂದೆಯೇ ಹೇಳಬಹುದಾಗಿದ್ದ ಸಣ್ಣ ಮಾತು. ಆದರೆ ಕೂಸಿನ ಬಾಯಿಯ ಮೇಲೆ ಕೈಯಿಟ್ಟುಕೊಂಡು ಅದನ್ನು ಹೇಳಿದರೆ ಯಾರು ನಂಬಬೇಕು?

ಹೇಳಲಿಲ್ಲ.

ಮರುದಿನ ಮುಂಜಾನೆ ಹುಣಸೆಮರ ದಾಟಿದರೆ ಕಟ್ಟೆ ಖಾಲಿ. “ಬಂದೇನ್ರಿ,” ಅಂತ ತಾನೇ ಕೂಗಿದಳು. ಒಳಗೆ ಹೋದಳು. ಬಾಯಿಸಾಹೇಬ ಕಿಟಕಿಯ ಹತ್ತಿರ ಕುಂತಿದ್ದಳು, ಒಲೆ ತಣ್ಣಗಿತ್ತು. “ಇವತ್ತಿಂದ ನೀ ಮಾಡಿದ್ದು ನಾ ಉಣ್ತೇನಿ,” ಅಂದಳು. ಆ ಮೇಲೆ ಆಕೆ ಒಲೆಯ ಮುಂದೆ ಕೂಡಲೇ ಇಲ್ಲ. ತಿಪ್ಪವ್ವ ಮಾಡಿ ಬಡಿಸಿದ್ದನ್ನು ಮೊದಲು ನೀನು ಉಣ್ಣು ಅಂತಲೂ ಹೇಳಲಿಲ್ಲ, ರುಚಿ ಅಂತಲೂ ಹೇಳಲಿಲ್ಲ.

ಮುಂದಿನ ವರ್ಷ ಸಂಸ್ಥಾನಗಳೆಲ್ಲ ಹೋದವು. ಶಿಗ್ಗಾವಿಯಿಂದ ಒಬ್ಬ ಕಾರಕೂನ ಬಂದು, ಇನ್ನು ನೀವು ಎಲ್ಲಿ ಬೇಕಾದರೂ ಹೋಗಬಹುದು ಅಂತ ಹೇಳಿದ. ಹೊರಹಾಕಿದ ಅರಮನೆಯೂ ಇಲ್ಲ, ಕಾವಲಿಟ್ಟ ಸರಕಾರವೂ ಇಲ್ಲ, ಲಕ್ಕಪ್ಪನೂ ಬೇರೆ ಠಾಣೆಗೆ ಹೋದ. ಆರೋಪ ಒಂದು ಮಾತ್ರ ಉಳಿಯಿತು, ಅದನ್ನು ವಾಪಸ್ಸು ತೆಗೆದುಕೊಳ್ಳುವ ಗೊಡವೆಗೆ ಯಾರೂ ಹೋಗಲಿಲ್ಲ. “ಎಲ್ಲಿಗೆ?” ಅಂದಳು ಬಾಯಿಸಾಹೇಬ. ಆ ಚಳಿಗಾಲದ ಜ್ವರದಲ್ಲಿ ತೀರಿಕೊಂಡಳು. ಹೊಳಬಸಪ್ಪ ಸಾವ್ಕಾರರು ಹಾರ ಕಳಿಸಿದರು. ಹೆಣಕ್ಕೆ ನೀರು ಹಾಕಿದವರು ತಿಪ್ಪವ್ವ, ರಮಜಾನಬಿ ಇಬ್ಬರೇ. ಸಾಮಾನು ಒಯ್ಯಲು ಬಂದವರ ಕಣ್ಣಿಗೆ ಬೀಳುವ ಮೊದಲೇ ಸಣ್ಣ ಹಿತ್ತಾಳೆ ಬಟ್ಟಲು ತಿಪ್ಪವ್ವನ ಸೆರಗು ಸೇರಿತ್ತು.

ಅಲ್ಲಿಂದ ಅವಳಿಗೆ ಊಟ ಊಟವಾಗಿ ಉಳಿಯಲಿಲ್ಲ. ತನ್ನದೇ ಮನೆಯಲ್ಲಿ, ತನ್ನದೇ ರೊಟ್ಟಿ ಮುಂದಿಟ್ಟುಕೊಂಡು ಕರಡಿಗೆ ಮುಟ್ಟಿದರೆ ಸಾಕು, ಎದುರಿಗೆ ಯಾರೋ ಬೆರಳು ಹೆಣೆದುಕೊಂಡು ಕುಂತ ಹಾಗೆ. ಗಂಟಲ ಮೇಲೆ ಎರಡು ಕಣ್ಣು. ಕೂಸಿದ್ದಾಗಿನಿಂದ ಮುಟ್ಟುತ್ತ ಬಂದ ಲಿಂಗವನ್ನು ಈಗ ಮುಟ್ಟುವ ಮೊದಲು ಎದುರಿಗೆ ನೋಡುತ್ತಿದ್ದಳು. ಇಲ್ಲದ ಹೆದರಿಕೆಯನ್ನು ಬಾಯಿಸಾಹೇಬ ಕಂಡಿದ್ದಳು, ಆ ಹೆದರಿಕೆ ಈಗ ಬಂದು ಕುಂತಿತ್ತು. ನವಿಲು ಕೂಗಿದರೆ ತುತ್ತು ಕೆಳಗಿಡುತ್ತಿದ್ದಳು.

“ಯಾರಿಗೆ ಕಾಯಾಕತ್ತೀಬೇ? ಉಣ್ಣು,” ಅನ್ನುತ್ತಿದ್ದಳು ರಮಜಾನಬಿ.

“ಉಣ್ತೇನಿ. ಅಕಿ ನೋಡಿ ಮುಗಸ್ಲಿ.”

ಮರುವರ್ಷ ಶಿವರಾತ್ರಿ ಕಳೆದ ಮೇಲೆ ಸರೋಜವ್ವ ಮಗನನ್ನು ಕರಕೊಂಡು ಬಂದಳು. ಉಳವ್ಯಾ ಈಗ ಓಡುತ್ತಿದ್ದ, ಮಾತಿಗೆ ಮಾತು ಕೊಡುತ್ತಿದ್ದ. ತಿಪ್ಪವ್ವ ರಮಜಾನಬಿಯ ಮನೆಗೆ ಹೋಗಿ ಹಾಲು ಕೇಳಿದಳು. ಯಾತಕ್ಕೆ ಅಂತ ಅವಳು ಕೇಳಲಿಲ್ಲ, ಗಡಿಗೆ ಬಗ್ಗಿಸಿ ಸುರಿದಳು. ಹಾನಗಲ್ಲಿನ ಅಕ್ಕಿ, ನಾಕು ಯಾಲಕ್ಕಿ. ದೂರದಿಂದ ನೋಡಿ, ದಿನಾ ಉಂಡು ಕಲಿತದ್ದು, ಕೈ ತಪ್ಪಲಿಲ್ಲ. ಬಿಸಿಲಿನಲ್ಲೇ ಮೊಮ್ಮಗನನ್ನು ನಡೆಸಿಕೊಂಡು ಕಂದಕದ ದಂಡೆಗೆ ಹೋದಳು. ಬಂಗಲೆಗೆ ಬೀಗ. ಕಟ್ಟೆಯ ಮೇಲೆ ಕೂಡಿಸಿ, ಹಿತ್ತಾಳೆ ಬಟ್ಟಲು ಮುಂದಿಟ್ಟು, ಈ ಸಲ ತಾನು ಮೊದಲು ಉಣ್ಣಲಿಲ್ಲ. ಚಮಚೆ ತುಂಬಿ ಊದಿ ಅವನ ಬಾಯಿಗಿಟ್ಟಳು. ಬೆನ್ನ ಹಿಂದೆ ಮುಚ್ಚಿದ ಬಾಗಿಲು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಉಳವ್ಯಾ ಬಟ್ಟಲು ಕಸಿದುಕೊಂಡು ನೆಕ್ಕಿದ. “ಇನ್ನಷ್ಟ ಹುಗ್ಗಿ, ಆಯಿ.”

ಮನೆಗೆ ಬಂದು ರಾತ್ರಿ ಹುಡುಗ ಮಲಗಿದ ಮೇಲೆ ಅದು ಶುರುವಾಯಿತು. ಹಾಲು ಸರಿ ಕಾದಿತ್ತೋ ಇಲ್ಲವೋ? ಹಿತ್ತಾಳೆ ಕಿಲುಬು ಹಿಡಿದಿತ್ತೋ? ಅಕ್ಕಿ ತೊಳೆದೆನೋ, ತೊಳೆದೆ ಅಂದುಕೊಂಡೆನೋ? ತನ್ನ ಎರಡೂ ಕೈ ತನಗೇ ಬೇರೆ ಯಾರದ್ದೋ ಹಾಗೆ ಕಂಡವು. ಕಣ್ಣು ಹತ್ತಲಿಲ್ಲ. ಒಳಗೆ ಹೋಗಿ ಉಸಿರು ಮುಟ್ಟಿ ನೋಡುವ ಧೈರ್ಯವೂ ಬರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಹೊರಗಿನ ಕಟ್ಟೆಗೆ ಬಂದು ನಿಂತಳು, ಕಣ್ಣು ಬಾಗಿಲ ಮೇಲೆ. ಬಾಯಿಸಾಹೇಬ ಇದನ್ನು ದಿನಾ ಮಾಡಿದ್ದಳು. ಒಂದು ದಿನವಲ್ಲ, ದಿನಾ.

ಬಿಸಿಲು ಹೊಸ್ತಿಲಿಗೆ ಬಂತು. ಕೌದಿಯ ಚುಂಗು ಎಳೆದುಕೊಂಡು, ಕಣ್ಣುಜ್ಜುತ್ತ, ಉಳವ್ಯಾ ಬಾಗಿಲಿಗೆ ಬಂದು ನಿಂತ.

ತಿಪ್ಪವ್ವ ಹಿಡಿದಿಟ್ಟುಕೊಂಡಿದ್ದ ಉಸಿರು ಬಿಟ್ಟಳು.

“ಬಂದಿ?”